ಸರ್ಪಸುತ್ತು ಮಾಯ್ದ ಮೇಲೂ ಉಳಿದ ಉರಿ: ನನ್ನ ಅನುಭವ

ಮೆಣಸಿನಕಾಯಿಯ ಖಾರದಿಂದ ಮಾಡಿದ ಮುಲಾಮನ್ನು ಉರಿಯುವ ಪಕ್ಕೆಗೆ ಹಚ್ಚಿಕೊಳ್ಳುತ್ತೇನೆ ಎಂದಾಗ ನಮ್ಮ ಬ್ಯಾಡಗಿಯಲ್ಲಿ ನಂಬಿದವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವನು ನಾನು. ಖಾರ ಏನೆಂದು ಬಲ್ಲೆ. ಈಗ ಅದೇ ಜನ ಮುಲಾಮಿನ ಹೆಸರು ಕೇಳಿಕೊಂಡು ಮನೆಗೆ ಬರುತ್ತಿದ್ದಾರೆ.

ಸರ್ಪಸುತ್ತಿನ ಗುಳ್ಳೆ ಒಣಗಿ ಕಲೆ ಮಾತ್ರ ಉಳಿದಿದ್ದರೂ ಎಡಪಕ್ಕೆಯ ನೋವು ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋಯಿತು. ಅಂಗಿ ತಾಗಿದರೂ ಸೀಳಿದಂತಾಗುತ್ತಿತ್ತು. ಜಾಜು ಬಳಿಸಿದ್ದಾಯಿತು, ತೈಲಗಳಾದವು. ಹಾವೇರಿ, ದಾವಣಗೆರೆ ಎಂದು ಅಲೆದು ಎಕ್ಸ್‌ರೇ, ಎಂಆರ್‌ಐ, ಹೃದಯದ ತಪಾಸಣೆ ಎಂದೆಲ್ಲ ಸುಮಾರು 40,000 ರೂಪಾಯಿ ಕರಗಿತು. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಈ ನೋವಿನ ಹತ್ತಿರವೂ ಸುಳಿಯಲಿಲ್ಲ. ಚರ್ಮ ಮಾಯ್ದಿದೆ, ಕೆಟ್ಟಿರುವುದು ನರ ಎಂದು ಕೊನೆಗೂ ಹೇಳಿದವರು ಹುಬ್ಬಳ್ಳಿಯ ನರರೋಗ ತಜ್ಞರು.

ನರದ ನೋವಿಗೆಂದು ಪ್ರಿಗ್ಯಾಬಲಿನ್ 75 ಮಿ.ಗ್ರಾಂ. ಎರಡು ಹೊತ್ತು ಕೊಟ್ಟರು. ರಾತ್ರಿ ನಿದ್ದೆ ಬಂತು, ಹಗಲು ತೂಕಡಿಕೆಯೂ ಬಂತು. ಲೆಕ್ಕದ ಕೆಲಸಕ್ಕೆ ಅದು ಆಗಿಬರಲಿಲ್ಲ. ಬೇರೆ ದಾರಿ ಇದೆಯೇ ಎಂದು ಪಟ್ಟು ಹಿಡಿದು ಕೇಳಿದ್ದರಿಂದಲೇ ಶೇ 0.075ರ ಕ್ಯಾಪ್ಸೈಸಿನ್ (ಮೆಣಸಿನಕಾಯಿಗೆ ಖಾರ ಕೊಡುವ ಅಂಶ) ಮುಲಾಮು ಚೀಟಿಗೆ ಬಂತು.

ಮೊದಲ ಎರಡು ವಾರ ಪ್ರಾಣ ಹೋಗುವಷ್ಟು ಉರಿ. ನನ್ನ ಹೆಂಡತಿ ಟ್ಯೂಬನ್ನೇ ಬಚ್ಚಿಟ್ಟಿದ್ದಳು. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ದಿನಕ್ಕೆ ನಾಲ್ಕು ಸಲ, ತಪ್ಪದೆ ಹಚ್ಚಿದೆ. ಬಿಟ್ಟು ಬಿಟ್ಟು ಹಚ್ಚಿದರೆ ಉರಿಯಷ್ಟೇ ದಕ್ಕುತ್ತದೆ; ಖಾರ ಗುರುತಿಸುವ ನರತುದಿಗಳು ದಣಿದು ಸುಮ್ಮನಾಗಬೇಕು. ಆ ನರತುದಿಗಳಲ್ಲಿ ಖಾರವನ್ನು ಗುರುತಿಸುವ ಗ್ರಾಹಕವನ್ನು (ರಿಸೆಪ್ಟರ್) ಕ್ಯಾಪ್ಸೈಸಿನ್ ಬಳಸಿಯೇ ಪತ್ತೆಹಚ್ಚಿದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಕೈಗವಸು ಕಡ್ಡಾಯ, ಬಿಸಿನೀರಿನ ಸ್ನಾನದ ಹಿಂದೆಮುಂದೆ ಬೇಡ, ಹುಣ್ಣು ಹಸಿಯಿದ್ದರೆ ಮುಟ್ಟಲೇಬಾರದು. ಮೊದಲ ವಾರದ ಉರಿ ತಾಳಲು ನಾನು ಕಂಡುಕೊಂಡ ಉಪಾಯವನ್ನು ಎದುರು ಬಂದು ಕೇಳಿದವರಿಗಷ್ಟೇ ಹೇಳುತ್ತೇನೆ.

ನಡುವೆ 2,500 ರೂಪಾಯಿ ಕೊಟ್ಟು ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಹರಿಸಿ ನೋವು ತಗ್ಗಿಸುವ ಟೆನ್ಸ್ ಯಂತ್ರವನ್ನೂ ತಂದೆ. ನನ್ನ ಪಕ್ಕೆಗೆ ಅದರಿಂದ ಏನೂ ಆಗಲಿಲ್ಲ. ಅಣ್ಣನ ಸೊಂಟಕ್ಕೆ ಹಿಡಿಸಿತು, ಅವನ ಮನೆಯಲ್ಲೇ ಉಳಿಯಿತು. ಬ್ಯಾಡಗಿ ಕಾಯಿಯನ್ನೇ ಎಣ್ಣೆಯಲ್ಲಿ ಕಾಯಿಸಿ ಹಚ್ಚಬಾರದೇ ಎನ್ನುವವರಿದ್ದಾರೆ. ಬೇಡವೇ ಬೇಡ. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯಿರುವ ಕಾಯಿ ಅದು. ಒಂದು ಚೀಲದ ಖಾರ ಇನ್ನೊಂದಕ್ಕಿರುವುದಿಲ್ಲ, ಅಳತೆ ಎಲ್ಲಿಂದ ಬರಬೇಕು?

ಒಂದೂವರೆ ತಿಂಗಳ ಹೊತ್ತಿಗೆ ಹತ್ತಕ್ಕೆ ಎಂಟಿದ್ದ ನೋವು ಮೂರಕ್ಕೆ ಇಳಿಯಿತು. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಿ, ಪ್ರಿಗ್ಯಾಬಲಿನ್ ಈಗ ರಾತ್ರಿಗೆ ಮಾತ್ರ. ಜನೌಷಧಿಯಲ್ಲಿ ಕೊಂಡರೆ ಖರ್ಚು ಅರ್ಧಕ್ಕೂ ಕಡಿಮೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೊವಿರ್‌ನಂಥ ವೈರಾಣು ತಡೆಯುವ ಔಷಧಿ ಶುರುವಾಗಬೇಕೆಂದು ಓಣಿಯವರಿಗೆಲ್ಲ ಹೇಳುತ್ತಿದ್ದೇನೆ. ಈಚೆಗೆ ಪಕ್ಕದ ಮನೆಯ ಅಜ್ಜಿಗೆ ಗುಳ್ಳೆ ಎದ್ದಾಗ ಮರುದಿನವೇ ಅವರನ್ನು ಹಾವೇರಿಗೆ ಕರೆದೊಯ್ದೆವು.