ಸೀಲು ಬಿದ್ದ ಕಾಗದ ಆಫೀಸು ಸೇರುವ ತನಕ

ಟಿ. ದಾಸರಹಳ್ಳಿಯಲ್ಲಿ ಮನೆ, ಪೀಣ್ಯದಲ್ಲಿ ಲೋಡು. ನನ್ನದು ಹತ್ತು ಚಕ್ರದ ಲಾರಿ. ಓಡಿಸುವವನೂ ನಾನೇ, ಕಂತು ಕಟ್ಟುವವನೂ ನಾನೇ. ಸ್ಟೀರಿಂಗ್ ಹಿಡಿದು ಹದಿನೆಂಟು ವರ್ಷ ಆಯಿತು. ನಿಜ ಹೇಳಬೇಕೆಂದರೆ, ಘಾಟಿ ರಸ್ತೆಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಕಾಗದ.

ನಮ್ಮ ಬಾಡಿಗೆ ಹೇಗೆ ಬರುತ್ತದೆ ಗೊತ್ತಲ್ವಾ? ಮಂಗಳೂರಿಗೆ 28 ಸಾವಿರ ಅಂತ ಮಾತಾದರೆ, ಲೋಡ್ ಆದ ಮೇಲೆ 22 ಸಾವಿರ ಅಡ್ವಾನ್ಸ್. ಅದು ಡೀಸೆಲ್, ಟೋಲ್, ಊಟದಲ್ಲೇ ಕರಗುತ್ತದೆ. ಉಳಿದ 6 ಸಾವಿರವೇ ನನ್ನ ದುಡಿಮೆ. ಅದು ಸಿಗೋದು ಪಿಒಡಿ ಕೊಟ್ಟ ಮೇಲೆ. ಪಿಒಡಿ ಅಂದರೆ ಬೇರೇನಲ್ಲ, ಮಾಲು ಇಳಿಸಿಕೊಂಡವರು ಎಲ್‌ಆರ್ (ಟ್ರಾನ್ಸ್‌ಪೋರ್ಟ್ ಆಫೀಸು ಕೊಡುವ ಲಾರಿ ರಸೀದಿ) ಕಾಪಿಯ ಮೇಲೆ ಸೀಲು ಒತ್ತಿ, ಸಹಿ ಹಾಕಿ, ತಾರೀಖು ಬರೆದು ಕೊಡುವ ಕಾಗದ. ಮುಂಚೆ ಅದನ್ನು ಕ್ಯಾಬಿನ್‌ನಲ್ಲಿ ಸನ್ ವೈಸರ್‌ಗೆ ಸಿಕ್ಕಿಸಿ, ಬೆಂಗಳೂರಿಗೆ ವಾಪಸ್ ಬಂದಾಗ ಆಫೀಸಿನ ಮೇಜಿನ ಮೇಲೆ ಇಟ್ಟರೆ ಮುಗಿಯುತ್ತಿತ್ತು. ಈಗ ಇಳಿಸಿದ ದಿನವೇ ಫೋಟೋ ಬೇಕು. ಇಲ್ಲದಿದ್ದರೆ ಬಿಲ್ ಮುಂದಕ್ಕೆ ಹೋಗುವುದಿಲ್ಲ.

2019ರ ಮಳೆಗಾಲದಲ್ಲಿ ನಾನು ಈ ಪಾಠ ಕಲಿತೆ. ಮಂಗಳೂರಿನ ಬೈಕಂಪಾಡಿಯಲ್ಲಿ ಮಾಲು ಇಳಿಸಿದಾಗ ರಾತ್ರಿ ಒಂಬತ್ತು. ನನ್ನ ಕೈಗೆ ಬಂದಿದ್ದು ಮೂರನೇ ಕಾರ್ಬನ್ ಕಾಪಿ, ಅಕ್ಷರ ಇದ್ದೂ ಇಲ್ಲದ ಹಾಗೆ. ಕ್ಯಾಬಿನ್‌ನ ಹಳದಿ ದೀಪದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಒಂದು ಫೋಟೋ ಹೊಡೆದೆ, ವಾಟ್ಸಾಪ್‌ನಲ್ಲಿ ಕಳಿಸಿದೆ, ಮಲಗಿದೆ. ಕಿಟಕಿ ಗಾಜು ಒಂದು ಬೆರಳಷ್ಟು ತೆರೆದಿತ್ತು. ಬೆಳಿಗ್ಗೆ ನೋಡಿದರೆ ಕಾಗದ ಒದ್ದೆ ಮುದ್ದೆ, ಸೀಲಿನ ಶಾಯಿ ಹರಡಿ ನೀಲಿ ಮೋಡದ ಹಾಗಾಗಿದೆ. ಅಷ್ಟರಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನ ಅಕೌಂಟ್ಸ್ ಮೇಡಂ ಫೋನು.

‘ಅಣ್ಣಾ, ಇದರಲ್ಲಿ ಎಲ್‌ಆರ್ ನಂಬರ್ ಮೂರಾ ಎಂಟಾ ಗೊತ್ತಾಗ್ತಾ ಇಲ್ಲ. ಸೀಲೂ ಅರ್ಧ ಕಟ್ ಆಗಿದೆ. ಇನ್ನೊಂದು ಕಳಿಸಿ.’

‘ಇನ್ನೊಂದು ಇಲ್ಲ ಮೇಡಂ, ಮಳೆಗೆ ಹೋಯ್ತು.’

ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. ಮುಂದಿನ ಟ್ರಿಪ್‌ನಲ್ಲಿ ಅದೇ ಗೋಡೌನ್‌ಗೆ ಹೋಗಿ, ಸ್ಟೋರ್ ಕೀಪರ್ ಕಾಲು ಹಿಡಿಯುವುದೊಂದು ಬಾಕಿ, ಹೊಸ ಕಾಪಿಗೆ ಸೀಲು ಹಾಕಿಸಿಕೊಂಡು ಬಂದೆ. ಆರು ಸಾವಿರ ಕೈಗೆ ಬರಲು 43 ದಿನ ಹಿಡಿಯಿತು. ಆ ತಿಂಗಳ ಕಂತಿಗೆ ಭಾವಮೈದನ ಹತ್ತಿರ ಸಾಲ.

ಆಮೇಲೆ ಮಗಳ ಹಳೇ ಪರೀಕ್ಷೆ ಪ್ಯಾಡ್ ಲಾರಿಗೆ ತಂದೆ. ಇಷ್ಟು ವರ್ಷದಲ್ಲಿ ಲಾರಿಗೆ ಹಾಕಿಸಿದ ಯಾವ ಸಾಮಾನೂ ಅದರಷ್ಟು ಕೆಲಸಕ್ಕೆ ಬಂದಿಲ್ಲ. ಕಾಗದವನ್ನು ಕ್ಲಿಪ್‌ಗೆ ಸಿಕ್ಕಿಸಿ, ಲಾರಿಯ ನೆರಳು ಬೀಳುವ ಕಡೆ ನಿಂತು ತೆಗೆಯುತ್ತೇನೆ. ನೇರ ಬಿಸಿಲಲ್ಲಿ ನನ್ನ ಕೈ ನೆರಳೇ ಅಡ್ಡ ಬರುತ್ತದೆ, ಫ್ಲಾಶ್ ಹಾಕಿದರೆ ನಡುವೆ ಬಿಳಿ ಮಚ್ಚೆ. ಕ್ಯಾಮೆರಾ ಬದಲು ಗೂಗಲ್ ಡ್ರೈವ್‌ನಲ್ಲಿರುವ ಸ್ಕ್ಯಾನ್ ಬಳಸುತ್ತೇನೆ. ಕಪ್ಪು ಬಿಳುಪಿಗೆ ಬದಲಿಸಿದರೆ ಮಾಸಿದ ಕಾರ್ಬನ್ ಅಕ್ಷರವೂ ಎದ್ದು ಬರುತ್ತದೆ, ಪಿಡಿಎಫ್ ಆಗಿಯೇ ಸೇವ್ ಆಗುತ್ತದೆ. ಫೈಲಿಗೆ ಎಲ್‌ಆರ್ ನಂಬರನ್ನೇ ಹೆಸರಾಗಿ ಇಡುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ಇದನ್ನೆಲ್ಲ ಗೇಟ್ ದಾಟುವ ಮೊದಲೇ ಮಾಡುತ್ತೇನೆ. ಸೀಲು ಮಸುಕಾಗಿದ್ದರೆ, ತಾರೀಖು ಬಿಟ್ಟಿದ್ದರೆ, ಒಳಗಿದ್ದಾಗ ‘ಸಾರ್, ಇನ್ನೊಂದ್ಸಲ ಒತ್ತಿ’ ಅನ್ನಬಹುದು. ಹೊರಗೆ ಬಂದ ಮೇಲೆ ಸೆಕ್ಯೂರಿಟಿಯವನು ಮುಖ ಕೂಡ ನೋಡುವುದಿಲ್ಲ. ಲಾರಿ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ಎಲ್‌ಆರ್ ಮೇಲೆ ಬರೆಸಿಕೊಳ್ಳುತ್ತೇನೆ. ಎರಡು ದಿನ ಇಳಿಸದೆ ಕಾಯಿಸಿದರೆ ಹಾಲ್ಟಿಂಗ್, ಅಂದರೆ ಕಾಯಿಸಿದ್ದಕ್ಕೆ ಕೊಡುವ ದುಡ್ಡು, ಕೇಳಲು ಅದೇ ಆಧಾರ. ಬಾಯಲ್ಲಿ ಹೇಳಿದ ಹಾಲ್ಟಿಂಗ್ ದುಡ್ಡು ನನಗೆ ಒಂದು ಸಲವೂ ಬಂದಿಲ್ಲ.

‘2 ಬಾಕ್ಸ್ ಒದ್ದೆ’ ಅಂತ ಮಾಲು ಇಳಿಸಿಕೊಂಡವರು ರಿಮಾರ್ಕ್ ಬರೆದರೆ ಅದನ್ನು ಬಿಟ್ಟು ಫೋಟೋ ತೆಗೆಯುವ ಚಾಳಿ ಕೆಲವರಿಗಿದೆ. ಮಾಡಬೇಡಿ. ಒರಿಜಿನಲ್ ಹೋದಾಗ ಗೊತ್ತಾಗಿಯೇ ಆಗುತ್ತದೆ, ಆಮೇಲೆ ಆ ಆಫೀಸಿನಲ್ಲಿ ಲೋಡು ಸಿಗುವುದಿಲ್ಲ. ನಾನು ರಿಮಾರ್ಕ್ ಜೊತೆಗೆ ಆ ಬಾಕ್ಸಿನ ಫೋಟೋ, ಟಾರ್ಪಾಲಿನ್ ಕಟ್ಟಿದ್ದ ಫೋಟೋ ಎರಡನ್ನೂ ಕಳಿಸುತ್ತೇನೆ.

ಇದು ಇಳಿಸಿದ ಮೇಲಿನ ಕತೆ. ದಾರಿಯಲ್ಲಿ ತಲೆ ತಿನ್ನುವುದು ಇ-ವೇ ಬಿಲ್, ಅಂದರೆ ಮಾಲು ಸಾಗಿಸುವಾಗ ಜೊತೆಗಿರಬೇಕಾದ, ಜಿಎಸ್‌ಟಿಗಾಗಿ ಆನ್‌ಲೈನ್‌ನಲ್ಲಿ ತೆಗೆಯುವ ಬಿಲ್. 2018ರ ಏಪ್ರಿಲ್ 1ರಿಂದ ಬಂದಿದ್ದು. ಸಾಮಾನ್ಯವಾಗಿ 50 ಸಾವಿರಕ್ಕಿಂತ ಜಾಸ್ತಿ ಬೆಲೆಯ ಮಾಲಿಗೆ ಬೇಕು. ಹನ್ನೆರಡು ಅಂಕಿಯ ನಂಬರ್, ಅದಕ್ಕೊಂದು ವಾಯಿದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ ಇತ್ತು. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಅಂದರೆ ಮಂಗಳೂರಿನ ಸುಮಾರು 350 ಕಿಲೋಮೀಟರಿಗೆ ಎರಡು ದಿನ. ರಸ್ತೆ ಚೆನ್ನಾಗಿದ್ದರೆ ಧಾರಾಳ ಸಾಕು.

ಆದರೆ ರಸ್ತೆ ಶಿರಾಡಿ ಘಾಟಿಯದ್ದು. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲು ಹತ್ತಿರ ಗುಡ್ಡ ಜಾರಿದಾಗ ನಾನು ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ. ಮುಂದೂ ಲಾರಿ, ಹಿಂದೂ ಲಾರಿ. ಬಿಲ್ಲಿನ ವಾಯಿದೆ ಅವತ್ತೇ ಮಧ್ಯರಾತ್ರಿಗೆ ಮುಗಿಯುತ್ತಿತ್ತು. ವಾಯಿದೆ ಹೆಚ್ಚಿಸಲು ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆ ಆಮೇಲಿನ ತನಕ ಮಾತ್ರ ಅವಕಾಶ. ಅಂದರೆ ಸಂಜೆ ನಾಲ್ಕರಿಂದ ಬೆಳಿಗ್ಗೆ ಎಂಟು. ಅದನ್ನು ಮಾಡಬೇಕಾದವರು ಆಫೀಸಿನವರು, ಲಾಗಿನ್ ಅವರದ್ದು. ಆದರೆ ಲಾರಿ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅಂತ ಹೇಳಬೇಕಾದವನು ನಾನು.

ನಾನಿದ್ದ ಜಾಗದಲ್ಲಿ ನೆಟ್‌ವರ್ಕ್ ಇಲ್ಲ. ಮಳೆಯಲ್ಲೇ ಸಕಲೇಶಪುರದ ಕಡೆ ಹಿಂದಕ್ಕೆ ನಡೆದು, ಎರಡು ಕಡ್ಡಿ ಸಿಗ್ನಲ್ ಬಂದಲ್ಲಿ ನಿಂತೆ. ಲೊಕೇಶನ್, ನಿಂತ ಲಾರಿಗಳ ಫೋಟೋ, ಬಿಲ್ ನಂಬರ್, ಪಿನ್ ಕೋಡ್ 573134, ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿದೆ. ಅದರ ಹಿಂದೆಯೇ ಫೋನ್ ಮಾಡಿದೆ. ಸುಮ್ನೆ ಮೆಸೇಜ್ ಹಾಕಿ ಕೂತರೆ ಸಂಜೆ ಆರಕ್ಕೆ ಆಫೀಸು ಬಾಗಿಲು ಹಾಕಿರುತ್ತದೆ. ಅರ್ಧ ಗಂಟೆಯಲ್ಲಿ ಹೊಸ ವಾಯಿದೆಯ ಬಿಲ್ ಬಂತು. ಅದನ್ನು ಫೋನಿನಲ್ಲಿ ಸೇವ್ ಮಾಡಿಕೊಂಡೇ ವಾಪಸ್ ನಡೆದೆ, ಲಾರಿ ಹತ್ತಿರ ಮತ್ತೆ ಸಿಗ್ನಲ್ ಇರುವುದಿಲ್ಲವಲ್ಲ. ವಾಯಿದೆ ಮುಗಿದ ಬಿಲ್ ಇಟ್ಟುಕೊಂಡು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡದ ತನಕ ಹೋಗುತ್ತದೆ. ದಂಡ ಯಾರು ಕಟ್ಟಬೇಕು ಅಂತ ಮಾಲಿನವರೂ ಆಫೀಸಿನವರೂ ಜಗಳ ಮುಗಿಸುವ ತನಕ ಲಾರಿ ಅಲ್ಲೇ, ಕಂತು ನನ್ನ ತಲೆ ಮೇಲೆ.

ಲೋಡ್ ಆಗುವಾಗಲೇ ಬಿಲ್ಲಿನಲ್ಲಿರುವ ಗಾಡಿ ನಂಬರನ್ನು ಒಂದೊಂದೇ ಅಂಕಿ ಓದಿಕೊಳ್ಳಿ. ಒಂದೆರಡು ಅಂಕಿ ತಪ್ಪಿದ್ದಕ್ಕೆಲ್ಲ ಮಾಲು ತಡೆಯಬಾರದು, ಒಟ್ಟು 1,000 ರೂಪಾಯಿ ದಂಡ ಸಾಕು ಅಂತ 2018ರಲ್ಲೇ ಸುತ್ತೋಲೆ ಬಂದಿದೆ. ಆದರೂ ರಾತ್ರಿ ಎರಡು ಗಂಟೆಗೆ ರಸ್ತೆ ಬದಿ ನಿಂತು ಸುತ್ತೋಲೆ ಬಗ್ಗೆ ವಾದ ಮಾಡುವ ಶಕ್ತಿ ನನಗಂತೂ ಇಲ್ಲ. ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಡಿಜಿಲಾಕರ್‌ನಲ್ಲಿ ಇವೆ, ಅವನ್ನು ತೋರಿಸಿದರೆ ನಡೆಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಇನ್ನು ಒರಿಜಿನಲ್. ಸ್ಕ್ಯಾನ್ ನೋಡಿ ಬಿಲ್ ಮಾಡಿದರೂ ಕೆಲವು ಪಾರ್ಟಿಗಳಿಗೆ ನೀಲಿ ಶಾಯಿಯ ಸೀಲೇ ಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಲೋಡು ಸಿಕ್ಕರೆ ನಾನೇ ತರುತ್ತೇನೆ. ಗೋವಾಕ್ಕೋ ಕೊಚ್ಚಿಗೋ ಸಿಕ್ಕರೆ ಕಾಗದ ಹತ್ತು ದಿನ ಲಾರಿಯಲ್ಲೇ ಸುತ್ತುತ್ತದೆ. ಹಾಗಾದಾಗ ಪ್ಲಾಸ್ಟಿಕ್ ಕವರಿಗೆ ಹಾಕಿ, ಅವತ್ತೇ ಕೊರಿಯರ್‌ಗೆ ಕೊಟ್ಟು, ರಸೀದಿಯ ಫೋಟೋವನ್ನೂ ಮೇಡಂಗೆ ಕಳಿಸುತ್ತೇನೆ. ಮೊದಲ ಸಲ ಕಳಿಸಿದಾಗ ಅವರು ಕೇಳಿದ್ದರು: ‘ಇದನ್ನೂ ಫೈಲ್ ಮಾಡ್ಬೇಕಾ ಅಣ್ಣಾ?’

‘ಮಾಡಿ ಮೇಡಂ’ ಅಂದೆ.