ಡೊಲ್ಕ್ ಎಂಬ ಹೆಸರನ್ನು ಹುಡುಕಿಕೊಂಡು ಹೋದದ್ದು

ನನ್ನ ಅತ್ತೆಯವರ ತವರಿನ ಹೆಸರು ಡೊಲ್ಕ್. ಸ್ವೀಡಿಷ್ ಭಾಷೆಯಲ್ಲಿ ಈ ಪದಕ್ಕೆ ಬಾಕು ಎಂದು ಅರ್ಥ. ಪದ ಜರ್ಮನ್ ಕಡೆಯಿಂದ ಬಂದದ್ದು. ಯುದ್ಧದಲ್ಲಿ ತನ್ನ ಪ್ರಾಣ ಉಳಿಸಿದ ಪೂರ್ವಜನೊಬ್ಬನಿಗೆ ರಾಜನು ಬೆಳ್ಳಿಹಿಡಿಯ ಬಾಕುವೊಂದನ್ನು ಉಡುಗೊರೆಯಾಗಿ ಕೊಟ್ಟನೆಂದೂ, ಅಂದಿನಿಂದ ಮನೆತನಕ್ಕೆ ಆ ಹೆಸರು ಬಂತೆಂದೂ ಅವರು ತಮ್ಮ ಅಜ್ಜನ ಬಾಯಿಂದ ಕೇಳಿದ್ದರು. ಎಂಬತ್ತು ತುಂಬಿದ ವರ್ಷ, ಈ ಕಥೆ ನಿಜವೇ ಎಂದು ತಿಳಿಯುವ ಆಸೆಯನ್ನು ಅವರು ನನ್ನೆದುರು ಹೇಳಿಕೊಂಡರು. ಶಿವಮೊಗ್ಗದಿಂದ ಬಂದು ಸ್ವೀಡನ್ನಿನಲ್ಲಿ ನೆಲೆಸಿ, ಇಲ್ಲಿನ ಭಾಷೆಯನ್ನು ಓದಿ ಬರೆಯಲು ಕಲಿತಿದ್ದ ನಾನು ಆ ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡೆ.

ಮೊದಲು ನೋಡಿದ್ದು ಅಂಕಿಸಂಖ್ಯೆಗಳನ್ನು. ಸ್ವೀಡನ್ನಿನ ಅಂಕಿಅಂಶ ಇಲಾಖೆಯ ತಾಣದಲ್ಲಿ ಯಾವುದೇ ಹೆಸರನ್ನು ಬೆರಳಚ್ಚಿಸಿದರೆ ಅದನ್ನು ಎಷ್ಟು ಜನ ಇಟ್ಟುಕೊಂಡಿದ್ದಾರೆಂದು ತಿಳಿಯುತ್ತದೆ. ಆಂಡರ್ಸನ್, ಯೋಹಾನ್ಸನ್ ಎಂಬ ಹೆಸರುಗಳನ್ನು ತಲಾ ಎರಡು ಲಕ್ಷಕ್ಕೂ ಹೆಚ್ಚು ಜನ ಹೊತ್ತಿದ್ದಾರೆ. ಅವುಗಳ ಪಕ್ಕದಲ್ಲಿ ಡೊಲ್ಕ್ ತೀರಾ ಅಪರೂಪದ್ದು. ಹೆಸರು ಇಷ್ಟು ವಿರಳವಾಗಿದ್ದರೆ ಅದನ್ನು ಇಟ್ಟುಕೊಂಡವರೆಲ್ಲ ಒಂದೇ ಬೇರಿನವರಾಗಿರಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ಹಳೆಯ ದಾಖಲೆಗಳಲ್ಲಿ ಕಣ್ಣಿಗೆ ಬಿದ್ದ ಪ್ರತಿಯೊಬ್ಬ ಡೊಲ್ಕನನ್ನೂ ಒಂದೇ ವಂಶವೃಕ್ಷಕ್ಕೆ ಸೇರಿಸಲು ಎರಡು ತಿಂಗಳು ಹೆಣಗಿದೆ. ಒಬ್ಬನ ಮಗನೆಂದು ನಾನು ಭಾವಿಸಿದವನು ಬೇರೆ ಊರಿನಲ್ಲಿ ಬೇರೆ ತಂದೆಗೆ ಹುಟ್ಟಿದವನಾಗಿರುತ್ತಿದ್ದ. ಇಬ್ಬರ ನಡುವೆ ಮೂವತ್ತು ವರ್ಷಗಳ ಅಂತರವಿದ್ದರೂ ಮನೆಯ ವಿಳಾಸ ಮಾತ್ರ ಒಂದೇ ಆಗಿರುತ್ತಿತ್ತು.

ಆ ವಿಳಾಸವೇ ಉತ್ತರವಾಗಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ. ಹನ್ನೊಂದನೆಯ ಕಾರ್ಲ್ ರಾಜನು 1682ರಿಂದ ಜಾರಿಗೆ ತಂದ ಸೈನ್ಯವ್ಯವಸ್ಥೆಯನ್ನು ಓದಿ ತಿಳಿದ ಮೇಲೆ ಗಂಟು ಬಿಚ್ಚಿಕೊಳ್ಳತೊಡಗಿತು. ಆ ವ್ಯವಸ್ಥೆಯಲ್ಲಿ ಕೆಲವು ರೈತ ಕುಟುಂಬಗಳು ಸೇರಿ ಒಂದು ‘ರೂಟೆ’ ಆಗುತ್ತಿದ್ದವು. ಪ್ರತಿ ರೂಟೆಯೂ ಒಬ್ಬ ಸಿಪಾಯಿಯನ್ನು ಒದಗಿಸಿ, ಅವನಿಗೆ ‘ತೊರ್ಪ್’ ಎಂಬ ಚಿಕ್ಕ ಮನೆಯನ್ನೂ ತುಂಡು ಹೊಲವನ್ನೂ ಕೊಡಬೇಕಿತ್ತು. ಶಾಂತಿಕಾಲದಲ್ಲಿ ಅವನು ಹೊಲ ಉಳುತ್ತ, ಕವಾಯತಿಗೆ ಹೋಗಿಬರುತ್ತಿದ್ದ. ಸರ್ಕಾರ ಕರೆದಾಗ ಬೇರೆ ದುಡಿಮೆಗೂ ಹೋಗಬೇಕಿತ್ತು. 1810ರಿಂದ 1832ರವರೆಗೆ ನಡೆದ ಯೋತಾ ಕಾಲುವೆಯ ಅಗೆತದಲ್ಲಿ ದುಡಿದವರ ಬಹುಪಾಲು ಇಂಥ ಸಿಪಾಯಿಗಳೇ.

ಆ ಕಾಲದ ರೈತರಿಗೆ ಸ್ಥಿರವಾದ ಮನೆತನದ ಹೆಸರು ಇರಲಿಲ್ಲ. ಪೇರ್ ಎಂಬವನ ಮಗ ಪೇರ್ಸನ್, ಮಗಳು ಪೇರ್ಸ್‌ದೋತ್ತೆರ್. ಮುಂದಿನ ತಲೆಮಾರಿಗೆ ಅದು ಮತ್ತೆ ಬದಲಾಗುತ್ತಿತ್ತು. ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಶಿಯಲ್ ಆಗಿ ಇಟ್ಟುಕೊಂಡು ಬೆಳೆದ ನನಗೆ ಇದು ವಿಚಿತ್ರವೆನಿಸಲಿಲ್ಲ. ಆದರೆ ಒಂದೇ ತುಕಡಿಯಲ್ಲಿ ಹತ್ತಾರು ಮಂದಿ ಆಂಡರ್ಸನ್ನರಿದ್ದರೆ ಅಧಿಕಾರಿಯು ಯಾರನ್ನು ಕರೆಯುತ್ತಿದ್ದಾನೆಂದು ಯಾರಿಗೆ ತಿಳಿಯಬೇಕು? ಆದ್ದರಿಂದ ಸಿಪಾಯಿಗೆ ಗಿಡ್ಡನೆಯ, ಕೂಗಿದರೆ ಕೇಳಿಸುವ ಹೆಸರೊಂದನ್ನು ಇಡುತ್ತಿದ್ದರು. ರಸ್ಕ್ ಎಂದರೆ ಚುರುಕು, ಮೂದಿಗ್ ಎಂದರೆ ಧೈರ್ಯಶಾಲಿ, ಸ್ವ್ಯಾರ್ಡ್ ಎಂದರೆ ಕತ್ತಿ. ಊರಿನ ಹೆಸರಿನಲ್ಲಿ ಓಕ್ ಮರ ಇದ್ದರೆ ಎಕ್ ಎಂದೂ ಇಡುತ್ತಿದ್ದರು. ಡೊಲ್ಕ್ ಈ ಸಾಲಿನದು.

ನನ್ನ ಎರಡು ತಿಂಗಳ ಶ್ರಮವನ್ನು ಕೆಡವಿದ ಸಂಗತಿ ಇದರ ಮುಂದಿನದು. ಸಿಪಾಯಿ ಸತ್ತರೆ ಅಥವಾ ನಿವೃತ್ತನಾದರೆ ಅದೇ ರೂಟೆಗೆ, ಅದೇ ತೊರ್ಪಿಗೆ ಹೊಸಬನೊಬ್ಬ ಬರುತ್ತಿದ್ದ; ಹಲವೆಡೆ ಹಿಂದಿನವನ ಹೆಸರನ್ನೇ ಅವನಿಗೂ ಕೊಡುತ್ತಿದ್ದರು. ಹೆಸರು ಮನುಷ್ಯನಿಗಿಂತ ಆ ಮನೆಗೆ ಹೆಚ್ಚು ಅಂಟಿಕೊಂಡಿತ್ತು. ನಾನು ವಂಶವೆಂದು ಜೋಡಿಸುತ್ತಿದ್ದವರು ಒಬ್ಬರ ನಂತರ ಒಬ್ಬರಂತೆ ಒಂದೇ ಸೂರಿನಡಿ ಬಂದು ನಿಂತ ಅಪರಿಚಿತರು.

ಆ ಮೇಲೆ ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ಸರಿಯಾದ ಕ್ರಮದಲ್ಲಿ ಆರಂಭಿಸಿದೆ: ಬದುಕಿರುವವರಿಂದ ತೊಡಗಿ ಒಂದೊಂದೇ ತಲೆಮಾರು ಹಿಂದೆ. ಇತ್ತೀಚಿನ ಸುಮಾರು 70 ವರ್ಷಗಳ ದಾಖಲೆಗಳು ಗೋಪ್ಯವಾಗಿರುವುದರಿಂದ ಮೊದಲ ಮೆಟ್ಟಿಲುಗಳಿಗೆ ಅತ್ತೆಯವರ ನೆನಪು ಮತ್ತು ಅವರ ಬೈಬಲ್ಲಿನ ಒಳಪುಟದಲ್ಲಿ ಬರೆದಿಟ್ಟಿದ್ದ ಜನ್ಮದಿನಗಳೇ ಆಧಾರ. ಅದಕ್ಕಿಂತ ಹಿಂದಿನದನ್ನು ರಾಷ್ಟ್ರೀಯ ದಫ್ತರಖಾನೆ 2018ರಿಂದ ಉಚಿತವಾಗಿ ಜಾಲದಲ್ಲಿ ತೆರೆದಿಟ್ಟಿದೆ. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮನೆ ಪರೀಕ್ಷೆಯ ದಫ್ತರ. 1686ರ ಚರ್ಚ್ ಕಾನೂನಿನ ಪ್ರಕಾರ ಪಾದ್ರಿಗಳು ಮನೆಮಂದಿಯ ಓದುವ ಶಕ್ತಿಯನ್ನೂ ಧರ್ಮಪಾಠದ ಜ್ಞಾನವನ್ನೂ ಪರೀಕ್ಷಿಸಿ ದಾಖಲಿಸಬೇಕಿತ್ತು. ಕಾಲಕ್ರಮದಲ್ಲಿ ಅದು ಜನ್ಮದಿನಾಂಕ, ಹುಟ್ಟಿದ ಊರು, ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂಬುದನ್ನೆಲ್ಲ ಒಳಗೊಂಡ ಜನಗಣತಿಯಂತೆ ಬೆಳೆಯಿತು. ಹಳೆಯ ಜರ್ಮನ್ ಶೈಲಿಯ ಕೂಡುಬರಹ ಓದಲು ನಾನು ಒಬ್ಬನೇ ಪಾದ್ರಿಯ ಅಕ್ಷರವನ್ನು ಆರಿಸಿಕೊಂಡು, ಗೊತ್ತಿರುವ ಊರುಗಳ ಹೆಸರಿನಿಂದ ಅವನ ಒಂದೊಂದು ಅಕ್ಷರದ ರೂಪವನ್ನೂ ಕಾಗದದ ಮೇಲೆ ಬಿಡಿಸಿಟ್ಟುಕೊಂಡೆ. ಮೂರು ವಾರಗಳ ನಂತರ ಸಾಲುಗಳು ಮಾತಾಡತೊಡಗಿದವು. ಹಳೆಯ ಬರಹದಲ್ಲಿ ವಿ ಮತ್ತು ಡಬ್ಲ್ಯೂ ಅಕ್ಷರಗಳು ಅದಲುಬದಲಾಗುತ್ತವೆಂಬ ಎಚ್ಚರವೂ ಬೇಕು. ಸ್ವ್ಯಾರ್ಡ್ ಎಂಬಂಥ ಹೆಸರು ಹುಡುಕುವವರು ಎರಡೂ ಕಾಗುಣಿತ ಹಾಕಿ ನೋಡಬೇಕು.

ಇನ್ನೊಂದು ಆಧಾರ ಸೈನಿಕ ದಫ್ತರಖಾನೆಯಲ್ಲಿರುವ ಹಾಜರಿ ಪಟ್ಟಿಗಳು. ರೂಟೆಯ ಸಂಖ್ಯೆ, ಸಿಪಾಯಿಯ ಹೆಸರು, ವಯಸ್ಸು, ಎತ್ತರ, ಸೇವೆಯ ವರ್ಷಗಳು, ಮದುವೆಯಾಗಿದೆಯೇ ಎಂಬುದು ಅವುಗಳಲ್ಲಿರುತ್ತವೆ. ಹುಡುಕುವವರು ನೆನಪಿಡಬೇಕಾದ ಒಂದೇ ಮಾತೆಂದರೆ, ಹೆಸರಿನ ಬೆನ್ನು ಹತ್ತದೆ ರೂಟೆಯ ಸಂಖ್ಯೆಯ ಬೆನ್ನು ಹತ್ತಬೇಕು.

ಹಾಗೆ ಮಾಡಿದಾಗ ಸ್ಮೋಲಂಡ್ ಪ್ರಾಂತ್ಯದ ಒಂದು ತೊರ್ಪಿನಲ್ಲಿ ನಾಲ್ವರು ಡೊಲ್ಕರು ಸಿಕ್ಕರು. ಮೊದಲನೆಯವನು ರಷ್ಯಾದ ಎದುರಿನ 1808–09ರ ಯುದ್ಧದ ಕಾಲದಲ್ಲಿ ರೋಗದಿಂದ ಸತ್ತ. ಅವನ ವಿಧವೆ ತೊರ್ಪನ್ನು ಬಿಟ್ಟುಕೊಡಬೇಕಿತ್ತು. ಆದರೆ ಅವಳು ಅಲ್ಲಿಗೆ ಬಂದ ಹೊಸ ಸಿಪಾಯಿಯನ್ನೇ ಮದುವೆಯಾದಳು. ಮಕ್ಕಳೊಂದಿಗೆ ಸೂರನ್ನು ಉಳಿಸಿಕೊಳ್ಳಲು ಆ ಕಾಲದ ಎಷ್ಟೋ ಹೆಂಗಸರು ಇದೇ ದಾರಿ ಹಿಡಿದಿದ್ದರು. ಆ ಪುಟದಲ್ಲಿ ಅವಳ ಹೆಸರಿನೆದುರು ‘ವಿಧವೆ’ ಎಂಬ ಪದವನ್ನು ಹೊಡೆದುಹಾಕಿ ‘ಹೆಂಡತಿ’ ಎಂದು ಬರೆದಿರುವುದನ್ನು ನೋಡಿದಾಗ ನಾನು ಬಹಳ ಹೊತ್ತು ಮುಂದಿನ ಪುಟ ತಿರುಗಿಸಲಿಲ್ಲ. ನಾಲ್ಕನೆಯವನು ಅತ್ತೆಯವರ ಮುತ್ತಜ್ಜ. ಪಕ್ಕದ ಊರಿನ ಕೂಲಿಯ ಮಗನಾಗಿ, ಯೋಹಾನ್ಸನ್ ಎಂದು ಹುಟ್ಟಿದವನು 1866ರಲ್ಲಿ ಸೈನ್ಯಕ್ಕೆ ಸೇರಿದ ದಿನ ಡೊಲ್ಕ್ ಆದ. ರಾಜನ ಪ್ರಾಣ ಉಳಿಸುವ ಸಂದರ್ಭವೇ ಅವನಿಗೆ ಬಂದಿರಲಾರದು, ಏಕೆಂದರೆ 1814ರ ನಂತರ ಆ ಶತಮಾನದಲ್ಲಿ ಸ್ವೀಡನ್ ಯುದ್ಧಕ್ಕೆ ಇಳಿಯಲೇ ಇಲ್ಲ.

ಹೆಸರು ಏಕೆ ಇಷ್ಟು ವಿರಳವಾಯಿತೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಮೊದಲ ಮೂವರ ಮಕ್ಕಳು ತಂದೆಯ ಸಿಪಾಯಿ ಹೆಸರನ್ನು ಇಟ್ಟುಕೊಳ್ಳದೆ ಹಳೆಯ ಪದ್ಧತಿಯಂತೆ ತಂದೆಯ ಮೊದಲ ಹೆಸರಿನಿಂದಲೇ ಕರೆಯಿಸಿಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಥಿರವಾದ ಹೆಸರಿನ ರೂಢಿ ಹರಡಿದಾಗಷ್ಟೇ ನಾಲ್ಕನೆಯವನ ಮಕ್ಕಳು ಡೊಲ್ಕ್ ಎಂಬುದನ್ನು ತಮ್ಮದಾಗಿಸಿಕೊಂಡರು. 1901ರಲ್ಲಿ ಮನೆತನದ ಹೆಸರುಗಳ ಬಗ್ಗೆ ರಾಜ್ಯದ ನಿಯಮ ಬಂತು. ಅದೇ ವರ್ಷ ಕಡ್ಡಾಯ ಸೈನ್ಯಸೇವೆಯನ್ನು ತಂದು ರೂಟೆ ವ್ಯವಸ್ಥೆಯನ್ನು ಕೊನೆಗಾಣಿಸಲು ತೀರ್ಮಾನವಾಯಿತು. ಆ ಸಂಧಿಕಾಲದಲ್ಲಿ ಸೇವೆಯಲ್ಲಿದ್ದವರ ಮನೆಗಳಲ್ಲಿ ಹೆಸರು ಉಳಿಯಿತು, ಉಳಿದವರಲ್ಲಿ ಅಳಿಯಿತು. 2017ರಲ್ಲಿ ಜಾರಿಗೆ ಬಂದ ಈಗಿನ ಕಾನೂನಿನಂತೆ, ಎರಡು ಸಾವಿರ ಮಂದಿಯಾದರೂ ಹೊತ್ತಿರುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ವಿರಳ ಹೆಸರುಗಳಿಗೆ ರಕ್ಷಣೆಯಿದೆ.

ಇದನ್ನೆಲ್ಲ ಅತ್ತೆಯವರಿಗೆ ಹೇಗೆ ಹೇಳುವುದೆಂಬ ಅಳುಕು ನನಗಿತ್ತು. ಅವರು ಬಾಕುವಿನ ಕಥೆಯನ್ನು ಒಂದೇ ಕ್ಷಣದಲ್ಲಿ ಬಿಟ್ಟುಕೊಟ್ಟು, ಆ ವಿಧವೆಯ ಹೆಸರೇನೆಂದು ಕೇಳಿದರು. ಮರುಬೇಸಿಗೆಯಲ್ಲಿ ನಾವಿಬ್ಬರೂ ಆ ಜಾಗಕ್ಕೆ ಹೋದೆವು. ತೊರ್ಪಿನ ಅಡಿಪಾಯದ ಕಲ್ಲುಗಳು ಮಾತ್ರ ಉಳಿದಿವೆ. ಊರಿನ ಇತಿಹಾಸಾಸಕ್ತರು ಅಲ್ಲಿ ರೂಟೆಯ ಸಂಖ್ಯೆ ಮತ್ತು ‘ಡೊಲ್ಕ್’ ಎಂದು ಬರೆದ ಹಲಗೆ ನಿಲ್ಲಿಸಿದ್ದಾರೆ. ಅತ್ತೆಯವರು ಕಲ್ಲಿನ ಮೇಲೆ ಕುಳಿತು, ನಾಲ್ವರ ಹುಟ್ಟುಹೆಸರುಗಳನ್ನೂ ಅವರ ಹೆಂಡಂದಿರ ಹೆಸರುಗಳನ್ನೂ ನನ್ನಿಂದ ಒಂದೊಂದಾಗಿ ಓದಿಸಿಕೊಂಡು ತಮ್ಮ ಬೈಬಲ್ಲಿನ ಒಳಪುಟದಲ್ಲಿ ಬರೆದುಕೊಂಡರು.