ಇಂಪ್ಲಾಂಟ್ ತೆಗೆಸುವುದು: ಒಂದೇ ಟೇಬಲ್, ಎರಡು ಬಿಲ್

ಸ್ತನದ ಇಂಪ್ಲಾಂಟ್ (ಆಕಾರಕ್ಕಾಗಿ ಸ್ತನದೊಳಗೆ ಕೂರಿಸುವ ಚೀಲ) ತೆಗೆಸಲು ಹಣ ಕೇಳಿದ್ದಕ್ಕೆ ವಿಮಾ ಕಂಪನಿಯ ನಿರಾಕರಣೆ ಪತ್ರ ಮೊಬೈಲ್‌ಗೆ ಬಂದಾಗ ನಾವಿಬ್ಬರೂ ದೇವಿಮನೆ ಘಟ್ಟ ಇಳಿಯುತ್ತಿದ್ದೆವು. ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪೂರ್ತಿ ಓದಲು ಸಿಕ್ಕಿದ್ದು ಕತಗಾಲ ದಾಟಿದ ಮೇಲೆ. ಇದ್ದದ್ದು ಎರಡೇ ಸಾಲು: ಇದು ಸೌಂದರ್ಯ ಚಿಕಿತ್ಸೆ, ಪಾಲಿಸಿಯ ಹೊರಗಿಡುವಿಕೆ ಸಂಖ್ಯೆ 08ರ ಪ್ರಕಾರ ಹಣ ಕೊಡಲು ಬರುವುದಿಲ್ಲ. ಎಡ ಸ್ತನ ಕಾಯಿಯಂತೆ ಗಟ್ಟಿಯಾಗಿ, ಮೂರು ತಿಂಗಳಿಂದ ಆ ಮಗ್ಗುಲಿಗೆ ಮಲಗಲೂ ಆಗದ ನನ್ನ ಚಿಕ್ಕಮ್ಮನ ಮಗಳು, "ಸೌಂದರ್ಯವಂತೆ ಅಕ್ಕ" ಎಂದು ನಕ್ಕಳು.

ನನಗೆ ಸಿಟ್ಟು ಬಂತು. ಆದರೆ ಆಸ್ಪತ್ರೆಯಿಂದ ಹೋದ ಕಾಗದವನ್ನು ತೆಗೆದು ನೋಡಿದರೆ ಕಂಪನಿಯವರನ್ನಷ್ಟೇ ದೂರುವಂತಿರಲಿಲ್ಲ. "ಇಂಪ್ಲಾಂಟ್ ತೆಗೆಯುವುದು ಮತ್ತು ಲಿಫ್ಟ್" ಎಂದು ಒಂದು ಸಾಲು, ಕೆಳಗೆ ಒಂದು ಮೊತ್ತ. ಯಾಕೆ ತೆಗೆಯಬೇಕು ಎಂಬುದಕ್ಕೆ ಒಂದಕ್ಷರವೂ ಇಲ್ಲ. ಅಲ್ಲಿಂದ ನಾವು ಕಲಿತದ್ದು ಇಷ್ಟು: ಶಸ್ತ್ರಚಿಕಿತ್ಸೆ ಒಂದೇ ಟೇಬಲ್ ಮೇಲೆ ನಡೆದರೂ ತೆಗೆಯುವುದು ಒಂದು ಲೆಕ್ಕ, ಜೋತ ಸ್ತನವನ್ನು ಎತ್ತಿ ಕೂರಿಸುವುದು, ಅಂದರೆ ಲಿಫ್ಟ್, ಇನ್ನೊಂದು ಲೆಕ್ಕ. ಮೊದಲ ಭೇಟಿಯಿಂದಲೇ ಎರಡಕ್ಕೂ ಬೇರೆ ಬೇರೆ ಕಾಗದ ಇರಬೇಕು.

ಹಳೆಯ ಕಾರ್ಡ್ ಹುಡುಕಿ

ಇಂಪ್ಲಾಂಟ್ ಹಾಕಿದ ಆಸ್ಪತ್ರೆ ಒಂದು ಸಣ್ಣ ಕಾರ್ಡ್ ಕೊಟ್ಟಿರುತ್ತದೆ. ಹದಿನಾಲ್ಕು ವರ್ಷಗಳ ಹಿಂದೆ ಪುಣೆಯಲ್ಲಿ ಕೊಟ್ಟ ಕಾರ್ಡ್ ನಮ್ಮವಳಿಗೆ ಸಿಕ್ಕಿದ್ದು ಕುಮಟೆಯ ಮನೆಯ ಕಪಾಟಿನಲ್ಲಿ, ಬಂಗಾರದ ರಶೀದಿಗಳ ನಡುವೆ. ಎಡಕ್ಕೊಂದು, ಬಲಕ್ಕೊಂದು ಸ್ಟಿಕರ್. ಕಂಪನಿಯ ಹೆಸರು, ಮಾದರಿ, ಸಿಸಿ ಲೆಕ್ಕದಲ್ಲಿ ಗಾತ್ರ, ಸರಣಿ ಸಂಖ್ಯೆ. ಕರಾವಳಿಯ ತೇವಕ್ಕೆ ಬಲಗಡೆಯ ಸ್ಟಿಕರ್ ಅಂಟು ಬಿಟ್ಟು ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು. ಕಾರ್ಡ್ ಇಲ್ಲದಿದ್ದರೆ ಆ ಆಸ್ಪತ್ರೆಗೆ ಬರೆದು ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನು ಕೇಳಿ.

ಇಷ್ಟು ಹುಡುಕಾಟ ಯಾಕೆಂದರೆ ಇಂಪ್ಲಾಂಟ್‌ಗಳೆಲ್ಲ ಒಂದೇ ಜಾತಿಯವಲ್ಲ. ಒಳಗೆ ಸಿಲಿಕೋನ್ ಜೆಲ್ ಇರಬಹುದು, ಉಪ್ಪುನೀರು ಇರಬಹುದು. ಹೊರಮೈ ನುಣುಪಾಗಿರಬಹುದು, ತರಿತರಿಯಾಗಿರಬಹುದು. ತರಿಮೈ ಇಂಪ್ಲಾಂಟ್‌ಗಳಿಗೂ ಬಿಐಎ-ಎಎಲ್‌ಸಿಎಲ್ ಎಂಬ ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೂ ನಂಟಿದೆ. ಅಲರ್ಗಾನ್ ಕಂಪನಿ 2019ರ ಜುಲೈನಲ್ಲಿ ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು ಇದೇ ಕಾರಣಕ್ಕೆ. ಹಾಗೆಂದು ಕಾರ್ಡಿನಲ್ಲಿ ಆ ಹೆಸರು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಲಕ್ಷಣಗಳಿಲ್ಲದವರು ಅದನ್ನು ತೆಗೆಸಲೇಬೇಕೆಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಕೂಡ ಹೇಳಿಲ್ಲ. ವರ್ಷಗಳ ನಂತರ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ ಮಾತ್ರ ತಡ ಮಾಡಬೇಡಿ. ಸುತ್ತ ತುಂಬಿದ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕಾಗುತ್ತದೆ.

ಕಾರಣ ಕಾಗದದ ಮೇಲೆ ಬರಲಿ

ಹಲಸಿನ ಬೀಜದ ಸುತ್ತ ತೆಳ್ಳನೆಯ ಪೊರೆಯೊಂದು ಇರುತ್ತದಲ್ಲ, ಇಂಪ್ಲಾಂಟ್ ಸುತ್ತಲೂ ದೇಹ ಅಂಥದೇ ಪೊರೆ ಕಟ್ಟುತ್ತದೆ. ಇದಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಎಲ್ಲರಲ್ಲೂ ಆಗುವುದೇ, ದೋಷವಲ್ಲ. ಕೆಲವರಲ್ಲಿ ಈ ಪೊರೆ ದಪ್ಪವಾಗಿ, ಬಿಗಿದು, ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ವೈದ್ಯರು ಇದನ್ನು ಬೇಕರ್ ಶ್ರೇಣಿಯಲ್ಲಿ ಒಂದರಿಂದ ನಾಲ್ಕರವರೆಗೆ ಅಳೆಯುತ್ತಾರೆ. ಒಂದೆಂದರೆ ಮೃದು. ಮೂರರಲ್ಲಿ ಗಟ್ಟಿಯಾಗಿ ಆಕಾರ ಕೆಡುತ್ತದೆ. ನಾಲ್ಕರಲ್ಲಿ ಅದರ ಜೊತೆ ನೋವೂ ಇರುತ್ತದೆ. ನಮ್ಮವಳದು ನಾಲ್ಕು. ಆ ಒಂದು ಅಂಕಿಯನ್ನು ಮೊದಲ ಆಸ್ಪತ್ರೆಯಲ್ಲಿ ಯಾರೂ ಬರೆದಿರಲಿಲ್ಲ.

ಎರಡನೆಯ ಕಾರಣ ಒಡೆಯುವುದು. ಉಪ್ಪುನೀರಿನದು ಒಡೆದರೆ ಆ ಕಡೆ ಕುಗ್ಗುವುದರಿಂದ ಕಣ್ಣಿಗೇ ಗೊತ್ತಾಗುತ್ತದೆ. ಸಿಲಿಕೋನ್ ಒಡೆದರೆ ಎಷ್ಟೋ ಬಾರಿ ಹೊರಗೆ ಸುಳಿವೇ ಇರುವುದಿಲ್ಲ. ಅದಕ್ಕೇ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿ ಐದಾರು ವರ್ಷವಾದಾಗ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಮಾಡಿಸಬೇಕೆಂದು ಎಫ್‌ಡಿಎ ಹೇಳುತ್ತದೆ. ಅಲ್ಟ್ರಾಸೌಂಡ್‌ಗೆ ಊರು ಬಿಡಬೇಕಾಗಿಲ್ಲ. ಅದರಲ್ಲಿ ಅನುಮಾನ ಉಳಿದರೆ ಎಂಆರ್‌ಐ. ನಲವತ್ತು ದಾಟಿದವರು ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಅನ್ನೂ ಸೇರಿಸಿಕೊಳ್ಳಿ. ಇಂಪ್ಲಾಂಟ್ ಇದೆಯೆಂದು ತಂತ್ರಜ್ಞರಿಗೆ ಮೊದಲೇ ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಚಿತ್ರ ಸರಿ ಬರುವುದಿಲ್ಲ.

ಆಯಾಸ, ಕೀಲುನೋವು, ಮರೆವು ಎಲ್ಲ ಇಂಪ್ಲಾಂಟ್‌ನಿಂದಲೇ ಎಂದು ಹೇಳುವ ಮಹಿಳೆಯರಿದ್ದಾರೆ. ತೆಗೆಸಿದ ಮೇಲೆ ಹಗುರವಾಯಿತು ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ತಪ್ಪು. ಆದರೆ ಇದನ್ನು ಖಚಿತಪಡಿಸುವ ಪರೀಕ್ಷೆ ಯಾವುದೂ ಇಲ್ಲದ ಕಾರಣ, ವಿಮೆಗೆ ಹೋಗುವ ಪತ್ರದಲ್ಲಿ ಇದೊಂದನ್ನೇ ಬರೆದರೆ ನಿಲ್ಲುವುದು ಕಷ್ಟ.

ಯಾರ ಕೈಗೆ ಒಪ್ಪಿಸುವುದು?

ನಮ್ಮ ಜಿಲ್ಲೆಯ ಕಷ್ಟ ಎಲ್ಲರಿಗೂ ಗೊತ್ತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದರೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗುವುದು ನಿಂತಿಲ್ಲ. ಕಾರವಾರದವರು ಗೋವಾಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ ಎಂಬುದು ರೂಢಿಯಾಗಿದೆ. ಎಲ್ಲಿಗೇ ಹೋಗಿ, ವೈದ್ಯರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ ನೋಡಿ. ಬೋರ್ಡಿನಲ್ಲಿ "ಕಾಸ್ಮೆಟಿಕ್ ತಜ್ಞರು" ಎಂದಿದ್ದರೆ ಸಾಲದು.

ಕೇಳಬೇಕಾದ ಮುಖ್ಯ ಪ್ರಶ್ನೆ ಪೊರೆಯ ಬಗ್ಗೆ. ಅಂತರ್ಜಾಲದಲ್ಲಿ ಓದಿ ಬಂದವರೆಲ್ಲ "ಎನ್ ಬ್ಲಾಕ್" ಬೇಕೆಂದು ಹಟ ಹಿಡಿಯುತ್ತಾರೆ. ಇಂಪ್ಲಾಂಟ್ ಮತ್ತು ಪೊರೆಯನ್ನು ಒಡೆಯದೆ, ಸುತ್ತಲಿನ ಒಂದಿಷ್ಟು ಅಂಗಾಂಶದ ಸಮೇತ ಇಡಿಯಾಗಿ ತೆಗೆಯುವ ಕ್ರಮ ಅದು. ಮೇಲೆ ಹೇಳಿದ ಲಿಂಫೋಮಾ (ಎಎಲ್‌ಸಿಎಲ್) ಇದ್ದವರಿಗೆ ಅದು ಬೇಕೇ ಬೇಕು. ಉಳಿದವರಿಗೆ ದಪ್ಪಗಾದ ಪೊರೆಯನ್ನು ಬಿಡಿಸಿ ತೆಗೆದರೆ ಸಾಕಾಗಬಹುದು. ತೆಳ್ಳಗಿನ ಪೊರೆ ಪಕ್ಕೆಲುಬಿಗೆ ಅಂಟಿದ್ದರೆ ಒಂದು ತುಣುಕನ್ನು ಅಲ್ಲೇ ಬಿಡುವುದೇ ಕ್ಷೇಮ, ಯಾಕೆಂದರೆ ಕೆರೆಯಲು ಹೋಗಿ ಶ್ವಾಸಕೋಶದ ಪದರಕ್ಕೆ ತೂತಾಗುವ ಅಪಾಯವಿದೆ. ತೆಗೆದ ಪೊರೆ ಪೆಥಾಲಜಿ ಪರೀಕ್ಷೆಗೆ ಹೋಗಲಿ, ಇಂಪ್ಲಾಂಟ್‌ನ ಫೋಟೊ ನಿಮ್ಮ ಕಡತಕ್ಕೆ ಬರಲಿ.

ಲಿಫ್ಟ್ ಬೇಕೇ, ಈಗಲೇ ಬೇಕೇ?

ಒಳಗಿನ ತುಂಬು ಹೋದ ಮೇಲೆ ಹಿಗ್ಗಿದ ಚರ್ಮ ಜೋಲುತ್ತದೆ. ಎಷ್ಟು ಎಂಬುದು ಇಂಪ್ಲಾಂಟ್‌ನ ಗಾತ್ರ, ವಯಸ್ಸು, ಬಾಣಂತನಗಳು, ಚರ್ಮದ ಕಸುವಿನ ಮೇಲೆ ನಿಂತಿದೆ. ಮೊಲೆತೊಟ್ಟು ಸ್ತನದ ಕೆಳಗಿನ ಮಡಿಕೆಗಿಂತ ಎಷ್ಟು ಇಳಿದಿದೆ ಎಂದು ನೋಡಿ ವೈದ್ಯರು ಗಾಯದ ಆಕಾರ ನಿರ್ಧರಿಸುತ್ತಾರೆ. ಸ್ವಲ್ಪವೇ ಇಳಿದಿದ್ದರೆ ತೊಟ್ಟಿನ ಸುತ್ತ ಒಂದು ವೃತ್ತ. ಹೆಚ್ಚಿದ್ದರೆ ವೃತ್ತದಿಂದ ಕೆಳಕ್ಕೊಂದು ಗೆರೆ. ಇನ್ನೂ ಹೆಚ್ಚಿದ್ದರೆ ಮಡಿಕೆಯ ಉದ್ದಕ್ಕೂ ಒಂದು ಗೆರೆ ಸೇರಿ ಲಂಗರಿನ ಆಕಾರ. ಕಲೆ ಮಾಸಲು ಒಂದು ವರ್ಷ ಹಿಡಿಯಬಹುದು, ಪೂರ್ತಿ ಮಾಯವಾಗುವುದಿಲ್ಲ.

ಎರಡನ್ನೂ ಒಟ್ಟಿಗೆ ಮಾಡಿದರೆ ಅರಿವಳಿಕೆ ಒಂದೇ ಸಲ. ಆದರೆ ಪೊರೆ ಬಿಡಿಸುವುದು ಒಳಗಿನಿಂದ, ಲಿಫ್ಟ್ ಮಾಡುವುದು ಹೊರಗಿನಿಂದ. ಎರಡೂ ಸೇರಿ ತೊಟ್ಟಿಗೆ ಹೋಗುವ ರಕ್ತದ ದಾರಿ ಕಿರಿದಾಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಈ ಅಪಾಯ ಹೆಚ್ಚು. ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಇನ್ನೊಂದು ದಾರಿ ಮೊದಲು ತೆಗೆಸಿ, ಮೂರರಿಂದ ಆರು ತಿಂಗಳು ಕಾದು ನೋಡುವುದು. ಚರ್ಮ ತಾನೇ ಎಳೆದುಕೊಂಡು ಲಿಫ್ಟ್ ಬೇಡವೆನಿಸುವವರೂ ಇದ್ದಾರೆ. ಹೀಗೆ ಮಾಡಿದರೆ ವಿಮೆಯ ಕಾಗದವೂ ತಾನಾಗಿಯೇ ಬೇರೆಯಾಗುತ್ತದೆ. ಎರಡು ಸಲ ಘಟ್ಟ ಹತ್ತಿಳಿಯುವ ತಾಪತ್ರಯ ಮಾತ್ರ ಇದ್ದದ್ದೇ. ನಮ್ಮವಳು "ಒಂದೇ ಸಲ ಮುಗಿಯಲಿ" ಎಂದಳು.

ಅಂದಾಜು ಪಟ್ಟಿಯನ್ನು ಬಿಡಿಸಿ ಓದಿ

ಮೂರು ಕಡೆ ಕೇಳಿದೆವು. ಕಡಿಮೆಯದು 1 ಲಕ್ಷ 40 ಸಾವಿರ, ಹೆಚ್ಚಿನದು 2 ಲಕ್ಷ 90 ಸಾವಿರ. ಕಡಿಮೆಯದನ್ನು ಕಂಡು ಹಿಗ್ಗಿದ್ದು ಅರ್ಧ ಗಂಟೆ ಮಾತ್ರ. ಅರಿವಳಿಕೆ ತಜ್ಞರ ಶುಲ್ಕ, ಪೆಥಾಲಜಿ, ಒತ್ತಿ ಹಿಡಿಯುವ ವಿಶೇಷ ಬ್ರಾ, ತೆರಿಗೆ ಯಾವುದೂ ಅದರಲ್ಲಿ ಸೇರಿರಲಿಲ್ಲ. ಶಸ್ತ್ರವೈದ್ಯರು, ಅರಿವಳಿಕೆ, ಆಪರೇಷನ್ ಥಿಯೇಟರ್, ಕೋಣೆ, ಔಷಧ, ಪರೀಕ್ಷೆಗಳು, ಮರುಭೇಟಿ ಎಂದು ಒಂದೊಂದನ್ನೂ ಬರೆಸಿಕೊಳ್ಳಿ. ತೆಗೆಯುವುದಕ್ಕೆ ಒಂದು ಪಟ್ಟಿ, ಲಿಫ್ಟ್‌ಗೆ ಇನ್ನೊಂದು.

ತೆರಿಗೆಗೂ ಈ ವಿಂಗಡಣೆ ಬೇಕು. ಆಸ್ಪತ್ರೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ. ಆದರೆ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಈ ವಿನಾಯಿತಿಯ ಹೊರಗಿದೆ, ಅದಕ್ಕೆ ಶೇ. 18. ಲಿಫ್ಟ್‌ನ ಬಾಬ್ತು ಒಂದು ಲಕ್ಷವಾದರೆ ತೆರಿಗೆಯೇ 18,000 ರೂಪಾಯಿ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದ ಬಿಲ್ ಆದರೆ ತೆಗೆಯುವ ಭಾಗಕ್ಕೂ ಅದು ಬೀಳಬಹುದು.

ಕೋಣೆಯನ್ನೂ ಮರೆಯಬೇಡಿ. ಪಾಲಿಸಿಯಲ್ಲಿ ದಿನಕ್ಕೆ 3,000 ಮಿತಿ ಇದ್ದು ನೀವು 6,000ದ ಕೋಣೆ ಹಿಡಿದರೆ, ಹಲವು ಪಾಲಿಸಿಗಳಲ್ಲಿ ವೈದ್ಯರ ಶುಲ್ಕದಂಥ ಖರ್ಚುಗಳೂ ಅರ್ಧಕ್ಕೆ ಇಳಿಯುತ್ತವೆ.

ವಿಮೆಯ ಬಾಗಿಲು

ಹೊರಗಿಡುವಿಕೆ 08 ಎಂಬುದು ವಿಮಾ ನಿಯಂತ್ರಕ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಬರೆದುಕೊಟ್ಟ ಮಾದರಿ ವಾಕ್ಯ. ರೂಪ ಬದಲಿಸುವ ಚಿಕಿತ್ಸೆಗೆ ಹಣವಿಲ್ಲ ಎಂದ ಮೇಲೆ ಅದೇ ವಾಕ್ಯ "ಹೊರತು" ಎಂದು ಮುಂದುವರಿಯುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆ ಇದಕ್ಕೆ ಹೊರತು. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ನಿವಾರಿಸಲು ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಿದ್ದೂ ಹೊರತು. ನಿರಾಕರಣೆ ಪತ್ರ ಅರ್ಧ ವಾಕ್ಯವನ್ನಷ್ಟೇ ತೋರಿಸಿತ್ತು.

ಆದ್ದರಿಂದ ವೈದ್ಯರ ಪತ್ರದಲ್ಲಿ ನೋವು ಎಂದಿನಿಂದ, ಬೇಕರ್ ಶ್ರೇಣಿ ಎಷ್ಟು, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐಯಲ್ಲಿ ಕಂಡದ್ದೇನು, ತೆಗೆಯದಿದ್ದರೆ ಏನಾಗುತ್ತದೆ ಎಂಬುದೆಲ್ಲ ಇರಬೇಕು. ಇಲ್ಲದ್ದನ್ನು ಬರೆಸಲು ಹೋಗಬೇಡಿ, ಇದ್ದದ್ದನ್ನು ಬಿಡಿಸಿ ಬರೆಸಿದರೆ ಸಾಕು. ಕ್ಯಾನ್ಸರ್‌ಗಾಗಿ ಸ್ತನ ತೆಗೆದ ಮೇಲೆ ಹಾಕಿದ ಇಂಪ್ಲಾಂಟ್ ಆದರೆ ಆ ಹಳೆಯ ಕಡತವನ್ನು ಮೊದಲ ಪುಟವಾಗಿಡಿ. ಅವರ ಕ್ಲೇಮ್ ಎಲ್ಲರಿಗಿಂತ ಗಟ್ಟಿ. ಸೌಂದರ್ಯಕ್ಕೆಂದೇ ಹಾಕಿಸಿಕೊಂಡವರ ದಾರಿ ಕಿರಿದು. ತೊಡಕಿನ ಮೂಲವೇ ಸೌಂದರ್ಯ ಚಿಕಿತ್ಸೆ ಎಂದು ಕಂಪನಿ ವಾದಿಸಬಹುದು. ಹಣ ಬಂದೇ ಬರುತ್ತದೆಂದು ನಂಬಿ ದಿನಾಂಕ ಗೊತ್ತುಮಾಡಬೇಡಿ.

ಪಾಲಿಸಿ ಕೊಳ್ಳುವಾಗ ಇಂಪ್ಲಾಂಟ್ ವಿಷಯ ತಿಳಿಸಿದ್ದಿರಾ ಎಂಬುದೂ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅರ್ಜಿ ತುಂಬಿದವರು ಗಂಡ ಅಥವಾ ಏಜೆಂಟ್, ಅವರಿಗೆ ಇವಳು ಹೇಳಿರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಸತತ 60 ತಿಂಗಳು ಪಾಲಿಸಿ ನಡೆದಿದ್ದರೆ, ವಂಚನೆ ಸಾಬೀತಾದ ಹೊರತು ಮಾಹಿತಿ ಮುಚ್ಚಿಟ್ಟಿರೆಂದು ಕಂಪನಿ ಕ್ಲೇಮ್ ತಳ್ಳುವಂತಿಲ್ಲ.

ನಿರಾಕರಿಸಿದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ತಕರಾರು ಕೇಳುವ ಅಧಿಕಾರಿಯಾದ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹೊಸ ಪತ್ರ, ಎರಡು ಪಟ್ಟಿಗಳೊಂದಿಗೆ ಮತ್ತೆ ಅರ್ಜಿ ಹಾಕಿದಾಗ ತೆಗೆಯುವ ಭಾಗಕ್ಕೆ ಒಪ್ಪಿಗೆ ಬಂತು. ಲಿಫ್ಟ್‌ನ ಹಣ ಅವಳ ಉಳಿತಾಯದಿಂದ ಹೋಯಿತು.

ಯಾವಾಗ, ಆಮೇಲೆ ಹೇಗೆ

ಮಳೆಗಾಲ ಬೇಡ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಅಂಕೋಲೆಯ ಕಡೆಯವರು ಮರೆತಿಲ್ಲ. ಹೊಲಿಗೆ ಬಿಚ್ಚುವ ದಿನ ರಸ್ತೆ ಮುಚ್ಚಿದರೆ ಏನು ಗತಿ? ಸಾಲದ್ದಕ್ಕೆ ಆಗಿನ ಥಂಡಿಗೆ ಸ್ತನದ ಮಡಿಕೆಯ ಚರ್ಮ ಒಣಗುವುದಿಲ್ಲ. ಶಿರಸಿಯ ಕಡೆಯವರು ಅಡಿಕೆ ಕೊಯ್ಲನ್ನೂ ಲೆಕ್ಕಕ್ಕಿಟ್ಟುಕೊಳ್ಳಿ. ಆಗ ಮನೆಯಲ್ಲಿ ಒಂದು ಲೋಟ ನೀರು ಕೊಡಲೂ ಯಾರಿಗೂ ಪುರುಸೊತ್ತಿರುವುದಿಲ್ಲ. ಫೆಬ್ರುವರಿ ಒಳ್ಳೆಯದು.

ರಕ್ತಮಿಶ್ರಿತ ದ್ರವ ಹೊರಬರಲು ಸಣ್ಣ ನಳಿಕೆ ಇಟ್ಟಿದ್ದರೆ ಅದನ್ನು ತೆಗೆಯುವವರೆಗೆ ಆ ಊರಿನಲ್ಲೇ ಉಳಿಯಿರಿ. ಮರಳುವಾಗ ಸೀಟ್ ಬೆಲ್ಟಿಗೂ ಎದೆಗೂ ನಡುವೆ ಮೆತ್ತನೆಯ ದಿಂಬು ಇಟ್ಟುಕೊಳ್ಳಿ, ಘಟ್ಟದ ತಿರುವುಗಳಲ್ಲಿ ಅದರ ಬೆಲೆ ತಿಳಿಯುತ್ತದೆ. ಒಂದೇ ಕಡೆ ಥಟ್ಟನೆ ಊದುವುದು, ಜ್ವರ, ತೊಟ್ಟು ಕಪ್ಪಾಗುವುದು, ಉಸಿರಿಗೆ ತೊಂದರೆ ಅಥವಾ ಮೀನಖಂಡದಲ್ಲಿ ನೋವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ ಎನ್ನುತ್ತಾರೆ. ಪೇಟೆಯ ವೈದ್ಯರ ಮನಸ್ಸಿನಲ್ಲಿರುವ ಭಾರ ಜಿಮ್‌ನದ್ದು. ನಮ್ಮಲ್ಲಿ ಬಾವಿಯಿಂದ ಕೊಡ ಸೇದುವುದು, ಕಾಯಿ ತುರಿಯುವುದು, ಅಡಿಕೆ ಸುಲಿಯುವುದು ಎಲ್ಲವೂ ಎದೆಯ ಸ್ನಾಯುವಿನ ಕೆಲಸವೇ. ಐದನೆಯ ವಾರ ಕುಮಟೆಗೆ ಹೋದಾಗ ನಮ್ಮವಳು ತುರಿಮಣೆಯ ಮೇಲೆ ಕೂತಿದ್ದಳು. ಬೈದು ಎಬ್ಬಿಸಿದೆ.

ಪಾಲಿಸಿಯಲ್ಲಿ ದಾಖಲಾಗುವ ಮೊದಲಿನ ಮತ್ತು ಬಿಡುಗಡೆಯ ನಂತರದ ಖರ್ಚಿಗೆ ಇಂತಿಷ್ಟು ದಿನ ಎಂದಿರುತ್ತದೆ. ಆ ಬಿಲ್‌ಗಳನ್ನು ಗಡುವಿನೊಳಗೆ ಬೇರೆಯಾಗಿ ಕಳುಹಿಸಬೇಕು. ಅವಳ ಅಲ್ಟ್ರಾಸೌಂಡ್, ಮರುಭೇಟಿಯ ಔಷಧಗಳ ಹಣ ಬಂತು. ವಿಶೇಷ ಬ್ರಾ ಕೊಂಡ ರಶೀದಿ ಮಾತ್ರ ಹಾಗೆಯೇ ಮರಳಿತು. ಅದೀಗ ಹಳೆಯ ಕಾರ್ಡ್ ಮತ್ತು ಪೆಥಾಲಜಿ ವರದಿಯ ಜೊತೆ ಬಂಗಾರದ ರಶೀದಿಗಳ ನಡುವೆ ಇದೆ.